ಮಗ್ಗದ ಕುಣಿಯ ಬಾಣಂತಿ

ಕರಿಗಲ್ಲಾಪುರದ ಗುಡ್ಡದ ಮೇಲೆ ಪೂಜ್ಯ ನಿರುಪಾದಪ್ಪ ಅಜ್ಜನವರು ವಾಸವಾಗಿದ್ದ ಜಾಗವನ್ನು ಭಕ್ತರು ಮಠವೆನ್ನುತ್ತಿದ್ದರು. ಹಾಗೆ ನೋಡಿದರೆ ಅಲ್ಲಿದ್ದದ್ದು ಜೋಳದ ದಂಟಿನ ಒಂದು ಛಪ್ಪರ, ಒಂದು ಕಂಬಳಿ, ಒಂದು ತಂಬಿಗೆ ಮತ್ತು ಒಂದು ಹಾರೆ. ಪಲ್ಲಕ್ಕಿ ಗಿಲ್ಲಕ್ಕಿ ಏನೂ ಇಲ್ಲ. ಈ ಪ್ರಸಂಗವನ್ನು ನನಗೆ ಹೇಳಿದ ಗವಿಯವ್ವನವರು, "ಬ್ಯಾರೆ ಸ್ವಾಮಿಗಳ ಕೈಯಾಗ ಬೆತ್ತ ನೋಡೀರಿ, ನಮ್ಮ ಅಜ್ಜಾರ ಕೈಯಾಗ ಹಾರಿ ಇರತಿತ್ತು" ಎಂದು ಹೇಳಿ ಕಣ್ಣೊರೆಸಿಕೊಂಡರು.

ಅದು ಪ್ಲೇಗಿನ ಕಾಲ. ಸುಗ್ಗಿ ಮುಗಿಯುವ ಹೊತ್ತಿಗೆ ಊರಲ್ಲಿ ಇಲಿ ಬಿದ್ದವು. ಇಲಿ ಸತ್ತು ಬಿದ್ದ ಮನೆಯಲ್ಲಿ ವಾರ ಕಳೆಯುವುದರೊಳಗೆ ಮನುಷ್ಯರೂ ಮಲಗುತ್ತಿದ್ದರು. ಜನ ಮನೆಗಳ ಬಾಗಿಲು ಬರೀ ಮುಂದೆ ಮಾಡಿ, ಗಂಟುಮೂಟೆ ಹೊತ್ತು ಊರು ಬಿಟ್ಟು ಗುಡ್ಡದ ಬುಡದಲ್ಲಿ ಗುಡಿಸಲು ಹಾಕಿಕೊಂಡರು. ನೇಕಾರ ಸಕ್ರಪ್ಪ ತಾಯಿಯನ್ನೂ ತುಂಬು ಬಸುರಿ ಹೆಂಡತಿ ಗುರವ್ವನನ್ನೂ ಚಕ್ಕಡಿಯಲ್ಲಿ ಕೂರಿಸಿಕೊಂಡು ಹಳ್ಳದಾಚೆಯ ಬಿಳೇಗುಂದಿಗೆ ಹೋದ. ಅಲ್ಲಿ ಗುರವ್ವನ ಸೋದರಮಾವನ ಮನೆಯಿತ್ತು. ಆದರೆ ಊರ ಬಾಯಲ್ಲೇ ಬಡಿಗೆ ಹಿಡಿದ ಹತ್ತು ಜನ ತಡೆದರು. "ಒಂದು ಹೆಜ್ಜಿ ಮುಂದಿಟ್ಟರ ಕಾಲು ಮುರೀತೀವಿ" ಎಂದರು. ಆ ಗುಂಪಿನಲ್ಲಿ ಸೋದರಮಾವನೂ ಇದ್ದ. ಅಯ್ಯೋ, ಹೆದರಿಕೆ ಎಂಥವರ ಕರುಳನ್ನೂ ಕಲ್ಲು ಮಾಡಿಬಿಡುತ್ತದೆ!

ಚಕ್ಕಡಿ ಹೊರಳಿ ಗುಡ್ಡದ ಬುಡಕ್ಕೆ ಬರುವಷ್ಟರಲ್ಲಿ ಗುರವ್ವನಿಗೆ ನೋವು ಶುರುವಾಯಿತು. ಅಜ್ಜನವರು ಛಪ್ಪರದ ಹಿಂದಿದ್ದ ಗವಿಯನ್ನು ತೋರಿಸಿದರು. ಅಲ್ಲಿ ಒಂದು ಜೋಡಿ ನರಿಗಳು ಬಹುಕಾಲದಿಂದ ವಾಸವಾಗಿದ್ದವು. ಅಜ್ಜನವರು ಗವಿಯ ಬಾಯಲ್ಲಿ ನಿಂತು ಕೈಮುಗಿದು, "ಸ್ವಲ್ಪ ದಿನ ಜಾಗಾ ಬಿಡವ್ವಾ, ಮನುಷ್ಯರು ಕಷ್ಟದಾಗ ಅದಾರ" ಎಂದರಂತೆ. ನರಿಗಳಿಗೆ ಮಾತು ತಿಳಿಯಿತೋ, ಜನರ ಗದ್ದಲಕ್ಕೇ ಬೆದರಿದವೋ ನಾನರಿಯೆ. ಅಂತೂ ಹೊರಬಿದ್ದು ಬಯಲ ಕಡೆ ಓಡಿದವು. ಹೊತ್ತು ಮುಳುಗುವ ಮೊದಲೇ ಗವಿಯಲ್ಲಿ ಹೆಣ್ಣುಕೂಸು ಹುಟ್ಟಿತು. ಅದಕ್ಕೆ ಗವಿಯವ್ವ ಎಂದೇ ಹೆಸರಿಟ್ಟರು.

ಸಕ್ರಪ್ಪನ ತಾಯಿ ಸಂಗವ್ವ ಮಾತ್ರ ಉಳಿಯಲಿಲ್ಲ. ಅವಳ ಕಂಕುಳಲ್ಲಿ ಆಗಲೇ ಗಡ್ಡೆ ಎದ್ದಿತ್ತು. ಬೇರೆ ಗುಡಿಸಲಲ್ಲಿ ಮಲಗಿದ್ದವಳು ಮೊಮ್ಮಗಳನ್ನು ದೂರದಿಂದಲೇ ನೋಡಿ ಕಣ್ಣು ಮುಚ್ಚಿದಳು. ಮಣ್ಣು ಮಾಡಲು ಮಗನ ಜೊತೆ ಯಾರೂ ಬರಲಿಲ್ಲ. ಅಜ್ಜನವರೇ ಹಾರೆ ಹಿಡಿದು ಕುಣಿ ತೋಡಿದರು.

ಅಂದಿನಿಂದ ಸಕ್ರಪ್ಪನಿಗೆ ಪ್ರಾಣಿಗಳೆಂದರೆ ಮೈಯೆಲ್ಲ ಉರಿ. "ಈ ಬ್ಯಾನಿ ತಂದಿದ್ದ ಇಲಿ. ಪ್ರಾಣಿ ಮ್ಯಾಲೆ ದಯಾ ಇಡು ಅಂತೀರಿ, ನಮ್ಮವ್ವನ ಮ್ಯಾಲೆ ಯಾರು ದಯಾ ಇಟ್ಟರು?" ಎಂದು ಅಜ್ಜನವರ ಎದುರಿಗೇ ಅಂದುಬಿಟ್ಟ.

ಯುಗಾದಿ ಹತ್ತಿರ ಬರುವ ಹೊತ್ತಿಗೆ ಬೇನೆ ಇಳಿಯಿತು. ಮನೆ ಸಾರಿಸಿ ಬರುತ್ತೇನೆಂದು ಸಕ್ರಪ್ಪ ಒಬ್ಬನೇ ಊರೊಳಗೆ ಹೋದ. ಹೋದವನು ಏದುಸಿರು ಬಿಡುತ್ತ ಓಡಿ ಬಂದ.

"ಅಜ್ಜಾರ, ನಮ್ಮ ಮಗ್ಗದ ಕುಣ್ಯಾಗ ನರಿ ಮರಿ ಹಾಕೇತ್ರಿ! ನಾಕು ಮರಿ! ಒಂದು ಗಡಿಗಿ ಕೆಂಡ ಕೊಡ್ರಿ. ಬಾಗಿಲಾ ಮುಚ್ಚಿ ಮೆಣಸಿನಕಾಯಿ ಹೊಗಿ ಹಾಕಿ ಎಲ್ಲಾ ಮುಗಿಸಿಬಿಡತೀನಿ."

ಅಲ್ಲಿದ್ದವರು ನಕ್ಕರು. "ಏ ಸಕ್ರಪ್ಪಾ, ಮಂದಿ ಒಂದು ನರಿ ಮುಖ ನೋಡಿದರ ಅದೃಷ್ಟ ಅಂತಾರ, ನೀ ಐದು ನೋಡಿ ಬಂದೀಯಲ್ಲೋ!" ಎಂದು ಒಬ್ಬ ಚುಡಾಯಿಸಿದ.

ಸಕ್ರಪ್ಪನಿಗೆ ನಗು ಬರುವುದಾದರೂ ಹೇಗೆ? ನೇಕಾರ ಕುಣಿಯೊಳಗೆ ಕಾಲಿಳಿಬಿಟ್ಟು ತುಳಿದರೆ ತಾನೇ ಮಗ್ಗ ನಡೆಯುವುದು. "ನಗತೀರೇನು? ಮಗ್ಗ ನಡೀಲಿಲ್ಲಂದ್ರ ಬಾಣಂತಿಗೆ ಏನು ಉಣಸಲಿ?" ಎಂದವನ ಕಣ್ಣು ತುಂಬಿ ಬಂದವು.

ಅಜ್ಜನವರು ಎದ್ದು ನಿಂತರು. "ಯಾವ ಬಾಣಂತಿಗೆ, ತಮ್ಮಾ?"

"ನನ್ನ ಹೇಣ್ತಿಗೆ. ಮತ್ತ್ಯಾರಿಗೆ?"

"ಇಬ್ಬರು ಅದಾರಲ್ಲೋ. ನಿನ್ನ ಹೇಣ್ತಿ ಆಕಿ ಮನ್ಯಾಗ ಹಡದಳು. ಆಕಿ ನಿನ್ನ ಮನ್ಯಾಗ ಹಡದಾಳ. ಬಾಣಂತಿ ಕೋಣಿಗೆ ಗಂಡಸರು ಕೆಂಡ ಹಿಡಕೊಂಡು ಹೋಗೂದು ಯಾವ ಊರ ಪದ್ಧತಿ?"

ಗವಿಯ ಬಾಯಿಗೆ ಬಂದಿದ್ದ ಗುರವ್ವ ಕೂಸನ್ನು ಎದೆಗೊತ್ತಿಕೊಂಡು, "ಅಜ್ಜಾರು ಹೇಳೂದು ಖರೆ ಐತಿ. ಆ ಮರಿ ಓಡ್ಯಾಡೂ ತನಕ ನಾ ಇಲ್ಲೇ ಇರತೀನಿ" ಎಂದಳು.

"ಮತ್ತ ಮಗ್ಗ?" ಎಂದ ಸಕ್ರಪ್ಪ.

ಅಜ್ಜನವರು ಮೂಲೆಯ ಹಾರೆಯನ್ನು ತೆಗೆದುಕೊಂಡು ಛಪ್ಪರದ ಮುಂದೆಯೇ ನೆಲ ಅಗೆಯತೊಡಗಿದರು. ಎಪ್ಪತ್ತು ದಾಟಿದ ದೇಹ, ಮೇಲೆ ಸುಡುವ ಬಿಸಿಲು. ಭಕ್ತರು ಓಡಿಬಂದು ಹಾರೆ ಇಸಿದುಕೊಳ್ಳಲು ಹೋದರೆ ಕೊಡಲಿಲ್ಲ.

"ಈ ವರ್ಷ ಹತ್ತೊಂಬತ್ತು ಕುಣಿ ತೋಡೇನಿ. ಎಲ್ಲಾ ಸತ್ತವರಿಗೆ. ಇದೊಂದು ಬದುಕೋರಿಗೆ ತೋಡತೀನಿ, ಬಿಡ್ರಿ."

ಸಕ್ರಪ್ಪ ಆ ಹಾರೆಯನ್ನು ನೋಡಿದ. ಅವನ ತಾಯಿಯ ಕುಣಿ ತೋಡಿದ್ದೂ ಅದೇ ಹಾರೆ. ನಿಂತಲ್ಲೇ ಕುಸಿದು ಸಣ್ಣ ಕೂಸಿನಂತೆ ಅತ್ತ. ಅತ್ತು ಹಗುರಾದ ಮೇಲೆ ಎದ್ದು, ಬುಟ್ಟಿ ತಂದು, ಅಜ್ಜನವರು ಅಗೆದ ಮಣ್ಣನ್ನು ಹೊತ್ತು ಹಾಕಿದ. ಊರು ಬಿಡುವಾಗ ಹೇರಿಕೊಂಡಿದ್ದ ಮಗ್ಗದ ಹಣಿಗೆ, ಲಾಳಿ ಚಕ್ಕಡಿಯಲ್ಲೇ ಇದ್ದವು. ಉಳಿದದ್ದಕ್ಕೆ ಊರವರು ಬೇವಿನ ಕಟ್ಟಿಗೆ ಒದಗಿಸಿದರು. ನಾಲ್ಕನೆಯ ದಿನ ಮಠದ ಅಂಗಳದಲ್ಲಿ ಲಾಳಿ ಸಪ್ಪಳ ಕೇಳಿಸಿತು. ಅಜ್ಜನವರು ಅದನ್ನು ಕೇಳುತ್ತ ಕಣ್ಣುಮುಚ್ಚಿ ಕುಳಿತಿದ್ದರಂತೆ.

ಬೇಸಿಗೆ ಬಲಿತಿತ್ತು. ಸಕ್ರಪ್ಪ ದಿನಾ ಮುಂಜಾನೆ ತನ್ನ ಮನೆಯ ಹೊಸ್ತಿಲಲ್ಲಿ ಒಂದು ತೆಂಗಿನ ಪರಟೆ ನೀರಿಟ್ಟು, ಒಳಗೆ ಇಣುಕದೆ ಹಿಂದಿರುಗುತ್ತಿದ್ದ. ತಿಂಗಳು ಕಳೆದ ಮೇಲೆ ಅಜ್ಜನವರು, "ಮೊದಲ ನಾವು ಜಾಗಾ ಬಿಡೂಣು" ಎಂದು ಗುರವ್ವನನ್ನು ಗವಿಯಿಂದ ಛಪ್ಪರಕ್ಕೆ ಕರೆಸಿಕೊಂಡರು. ಮೂರನೆಯ ದಿನ ಬೆಳಗ್ಗೆ ತಾಯಿನರಿ ಬಾಯಲ್ಲಿ ಒಂದು ಮರಿ ಕಚ್ಚಿಕೊಂಡು ಗುಡ್ಡ ಹತ್ತಿತು. ಸಕ್ರಪ್ಪ ಲಾಳಿ ನಿಲ್ಲಿಸಿ ಉಸಿರು ಬಿಗಿಹಿಡಿದು ಕುಳಿತ. ಮತ್ತೆ ಮೂರು ಸಲ ಇಳಿದು ಮೂರು ಸಲ ಹತ್ತಿತು. ನಾಲ್ಕನೆಯ ಮರಿ ಗವಿ ಸೇರಿದಾಗ ಅವನು ಕೈಮುಗಿದ.

ಮನೆಗೆ ಮರಳಿದಾಗ ನೋಡುತ್ತಾರೆ, ಮನೆಯಲ್ಲಿ ಒಂದು ಇಲಿಯ ಸುಳಿವೂ ಇಲ್ಲ! "ಅಜ್ಜಾರ ಪವಾಡ!" ಎಂದು ಜನ ಜೈಕಾರ ಹಾಕಿದರು. ಅಜ್ಜನವರು ನಕ್ಕು, "ನರಿ ಉಂಡಿದ್ದಕ್ಕ ನನಗ್ಯಾಕೋ ಜೈಕಾರ?" ಎಂದುಬಿಟ್ಟರು.

ಮರುವರ್ಷ ಬಿಳೇಗುಂದಿಯಲ್ಲಿ ಇಲಿ ಬಿದ್ದವು. ಅಲ್ಲಿಯ ಚಕ್ಕಡಿಗಳು ಕರಿಗಲ್ಲಾಪುರದ ಗಡಿಗೆ ಬಂದು ನಿಂತವು. ಮುಂದಿನ ಚಕ್ಕಡಿಯಲ್ಲಿ ಆ ಸೋದರಮಾವ ತಲೆ ತಗ್ಗಿಸಿ ಕುಳಿತಿದ್ದ. ನಮ್ಮವರೂ ಬಡಿಗೆ ಹಿಡಿದು ಅಡ್ಡ ನಿಂತರು. ಅಷ್ಟರಲ್ಲಿ ಸಕ್ರಪ್ಪ ಅಜ್ಜನವರ ಹಾರೆಯನ್ನು ಹೆಗಲ ಮೇಲಿಟ್ಟುಕೊಂಡು ಬಂದ. ಇವತ್ತು ಇವನು ಹಳೇ ಸೇಡು ತೀರಿಸಿಕೊಳ್ಳುತ್ತಾನೆಂದು ಎರಡೂ ಕಡೆಯವರು ಅಂದುಕೊಂಡರು.

ಸಕ್ರಪ್ಪ ಅವರನ್ನು ದಾಟಿ ಗುಡ್ಡದ ಬುಡದ ಬಯಲಿಗೆ ಹೋಗಿ, ಗುಡಿಸಲಿನ ಕಂಬಕ್ಕೆಂದು ನೆಲಕ್ಕೆ ಹಾರೆ ಹಾಕಿದ. ಆಮೇಲೆ ಚಕ್ಕಡಿಗಳ ಕಡೆ ತಿರುಗಿ ಕೂಗಿದ:

"ನಿಮ್ಮೊಳಗ ಬಸುರಿ, ಬಾಣಂತಿ ಯಾರರ ಅದಾರೇನ್ರೀ? ಮೊದಲ ಅವರಿಗೆ ಗುಡಿಸಲಾ ಹಾಕೂಣು, ಬರ್ರಿ."

ಸೋದರಮಾವ ಚಕ್ಕಡಿಯಿಂದ ಇಳಿದು ಬಂದು ಮಣ್ಣು ಎತ್ತತೊಡಗಿದ.