ಅಚ್ಚಿನವನ ಏಳನೆಯ ತಂತ್ರಾಂಶ

"ಗುರುಗಳೇ, ಐಆರ್‌ಸಿಯಲ್ಲಿ ಮಾತಾಡುವುದಕ್ಕೆ ಯಾವ ತಂತ್ರಾಂಶ ಒಳ್ಳೆಯದು?" ಎಂದು ಧರಣೇಂದ್ರ ಕೇಳಿದ. "ನಾಲ್ಕನ್ನು ಹಾಕಿ ನೋಡಿದೆ. ಒಂದು ಹಗುರ, ಒಂದರಲ್ಲಿ ಬಣ್ಣ ಚೆನ್ನ, ಇನ್ನೊಂದರಲ್ಲಿ ಕನ್ನಡ ಒಡೆಯುತ್ತದೆ. ಸರಿಯಾದುದನ್ನು ಆರಿಸಿಕೊಂಡ ಮೇಲೆ ಮಾತಿಗೆ ಕೂರೋಣ ಎಂದಿದ್ದೇನೆ."

ಗುರುಗಳು ಊರಿನ ವಾಚನಾಲಯದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವರು. "ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು" ಎಂದು ನಕ್ಕರು. ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಕತೆ ಹೇಳತೊಡಗಿದರು.

ಒಬ್ಬ ಅಚ್ಚಿನವನಿದ್ದ. ಅಕ್ಷರದ ಮೊಳೆ ಜೋಡಿಸಿ ಪುಸ್ತಕ ಅಚ್ಚು ಹಾಕುತ್ತಿದ್ದವನು. ಒಬ್ಬ ತಂತಿಯವನಿದ್ದ. ಕಚೇರಿಯಲ್ಲಿ ಕೂತು ಟೆಲಿಗ್ರಾಂ ಕಳಿಸುತ್ತಿದ್ದವನು. ಇಬ್ಬರ ಕಸುಬೂ ಮುಗಿದುಹೋಗಿತ್ತು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಐಆರ್‌ಸಿಯ ಒಂದು ಹರಟೆಕಟ್ಟೆಯಲ್ಲಿ ದಿನಾ ಬೆಳಿಗ್ಗೆ ಏಳರಿಂದ ಎಂಟರವರೆಗೆ ಕೂತು ಮಾತಾಡುತ್ತಿದ್ದರು. ಐಆರ್‌ಸಿ ಎಂದರೆ ಇಂಟರ್‌ನೆಟ್ಟಿನಲ್ಲಿ ಬರೆದು ಮಾತಾಡುವ ಹಳೆಯ ಕಾಲದ ಏರ್ಪಾಡು. ಅಲ್ಲಿ ಬರೆದ ಮಾತು ಆಗ ಕೂತಿದ್ದವರಿಗೆ ಮಾತ್ರ ಮುಟ್ಟುತ್ತದೆ. ತಡವಾಗಿ ಬಂದವನಿಗೆ ಅದು ಕಾದಿರುವುದಿಲ್ಲ.

ತಂತಿಯವನಿಗೆ ಕಣ್ಣು ಹೋಗಿತ್ತು. ಪರದೆಯ ಮೇಲೆ ಬಂದದ್ದನ್ನು ಯಂತ್ರ ಓದಿ ಹೇಳುತ್ತಿತ್ತು. ಆಮೇಲೆ ಗಂಟಲಿಗೆ ಹುಣ್ಣು ಬಂತು. ಶಸ್ತ್ರಕ್ರಿಯೆಯಲ್ಲಿ ದನಿಯೂ ಹೋಯಿತು. ಆಸ್ಪತ್ರೆಯಿಂದ ಅವನ ಮಗಳೇ ಅಚ್ಚಿನವನಿಗೆ ಫೋನ್ ಮಾಡಿ ತಿಳಿಸಿದ್ದಳು. ಅಲ್ಲಿಂದಾಚೆಗೆ ಅವನು ಬಾಯಿ ತುಂಬ ಮಾತಾಡುವುದು ಎಂದರೆ ಬೆಳಗಿನ ಆ ಒಂದು ಗಂಟೆಯಲ್ಲಿ, ಬೆರಳಿನಲ್ಲಿ.

ಇಬ್ಬರ ನಡುವೆ ಒಂದು ಕಟ್ಟಳೆ ಇತ್ತು. ಆ ಕಟ್ಟೆಯಲ್ಲಿ ಹತ್ತಾರು ಹೆಸರುಗಳು ಹಗಲೂ ರಾತ್ರಿ ಕಾಣುತ್ತವೆ. ಎಷ್ಟೋ ಹೆಸರುಗಳ ಹಿಂದೆ ಮನುಷ್ಯರೇ ಇರುವುದಿಲ್ಲ. ತಂತಿಯವನು ಒಮ್ಮೆ ಹಾಗೆ ಖಾಲಿ ಹೆಸರಿನ ಮುಂದೆ ಗಂಟೆಗಟ್ಟಲೆ ಮಾತಾಡಿ, ತಿಳಿದಾಗ ತುಂಬ ನಾಚಿಕೊಂಡಿದ್ದ. ಅದಕ್ಕೇ ಮೊದಲು ಕೂತವನು ಕರೆಯಬೇಕು, ಆಮೇಲೆ ಬಂದವನು ಮಾತಾಡಬೇಕು ಎಂದು ಮಾಡಿಕೊಂಡರು. ಅಚ್ಚಿನವನು ಆರೂವರೆಗೇ ಬಂದು ಕೂರುವವನು. ಏಳಕ್ಕೆ ತಂತಿಯವನು ಬಂದದ್ದು ಕಂಡ ಕೂಡಲೇ "ಬಾರಯ್ಯ, ಕೂತ್ಕೋ" ಎಂದು ಅಚ್ಚಿನವನು ಬರೆಯುತ್ತಿದ್ದ.

ಹೀಗಿರುವಾಗ ಅಚ್ಚಿನವನಿಗೆ ತನ್ನ ತಂತ್ರಾಂಶದಲ್ಲಿ ಒತ್ತಕ್ಷರ ಪಕ್ಕಕ್ಕೆ ಜಾರುವುದು ಕಣ್ಣಿಗೆ ಬಿತ್ತು. ಜೀವಮಾನವಿಡೀ ಅಕ್ಷರ ನೆಟ್ಟಗೆ ನಿಲ್ಲಿಸಿದವನು, ತಡೆಯಲಾರದೆ ಹೋದ. ಬೇರೊಂದನ್ನು ಹಾಕಿದ. ಅದರಲ್ಲಿ ಸಾಲಿನ ಅಂತರ ಕೆಟ್ಟಿತ್ತು. ಮತ್ತೊಂದನ್ನು ಹಾಕಿದ. ಹೊಸತು ಹಾಕಿದಾಗಲೆಲ್ಲ ತಂತಿಯವನನ್ನೇ ಕೇಳುತ್ತಿದ್ದ:

"ಈಗ ಒತ್ತಕ್ಷರ ಸರಿಯಾಗಿ ಕಾಣ್ತದೇನಯ್ಯ?"

"ನನಗೆ ಎಲ್ಲಾ ಒಂದೇ ಥರ ಕಾಣ್ತದೆ ಮಾರಾಯ. ನಿನ್ನ ಮಗಳಿಗೆ ಹೆರಿಗೆ ಆಯ್ತೇ? ಅದು ಹೇಳು."

"ತಾಳು, ಇದೊಂದು ಸರಿ ಮಾಡಿ ಬರ್ತೀನಿ."

ಬರುವುದರೊಳಗೆ ಎಂಟು ಹೊಡೆದಿರುತ್ತಿತ್ತು. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಹಾಗಾಯಿತು ಅವನ ಕತೆ.

ಏಳನೆಯ ತಂತ್ರಾಂಶ ಅವನಿಗೆ ಹಿಡಿಸಿತು. ಅಕ್ಷರಗಳು ಅಚ್ಚಿನ ಪುಟದಂತೆ ನಿಂತವು. ಒಂದೇ ಕಿರಿಕಿರಿ. ಕಟ್ಟೆಗೆ ಯಾರಾದರೂ ಬಂದರೆ 'ಬಂದರು' ಎಂದು ಒಂದು ಸಾಲು, ಹೋದರೆ 'ಹೋದರು' ಎಂದು ಒಂದು ಸಾಲು. ಇಂಟರ್‌ನೆಟ್ ಸರಿಯಿಲ್ಲದವರ ಹೆಸರುಗಳು ದಿನಕ್ಕೆ ನೂರು ಸಲ ಬಂದು ಹೋಗಿ ಪುಟ ಹೊಲಸಾಗುತ್ತಿತ್ತು. ಆ ಸಾಲುಗಳನ್ನು ಮರೆಮಾಡುವ ಗುಂಡಿಯೊಂದಿತ್ತು. ಒತ್ತಿದ. ಬಲಗಡೆಯ ಹೆಸರುಗಳ ಪಟ್ಟಿ ಜಾಗ ತಿನ್ನುತ್ತದೆ ಎಂದು ಅದನ್ನೂ ಮುಚ್ಚಿದ. ಪುಟ ಹಾಲು ಬಿಳುಪಾಯಿತು.

ಮರುದಿನ ಏಳಾಯಿತು, ಎಂಟಾಯಿತು. ತಂತಿಯವನು ಬರಲಿಲ್ಲ ಎಂದುಕೊಂಡ. ಅದರ ಮರುದಿನವೂ ಹಾಗೆಯೇ. ನಿಜ ಹೇಳಬೇಕೆಂದರೆ ಅವನಿಗೆ ಹಾಯೆನಿಸಿತು. ಬೆಳಗಿನ ಹೊತ್ತೆಲ್ಲ ಹಿನ್ನೆಲೆಯ ಬಣ್ಣ ಹೊಂದಿಸುತ್ತ ಕೂತ.

ಹದಿನೆಂಟು ದಿನ ಕಳೆಯಿತು. ಹತ್ತೊಂಬತ್ತನೆಯ ದಿನ ಬಿಳಿಯ ಪುಟದ ಮೇಲೆ ತಂತಿಯವನ ಹೆಸರಿನಲ್ಲಿ ಬರಹ ಮೂಡಿತು.

"ನಾನು ಅವರ ಮಗಳು. ಅಪ್ಪ ನಿನ್ನೆ ತೀರಿಕೊಂಡ್ರು. ಹುಣ್ಣು ಮತ್ತೆ ಬಂದಿತ್ತು. ಇನ್ನು ಒಂದು ತಿಂಗಳು ಅಂದಿದ್ರು ಡಾಕ್ಟ್ರು. ಅದನ್ನ ನಿಮಗೆ ಹೇಳ್ಬೇಕು ಅಂತ ದಿನಾ ಬಂದು ಕೂತ್ರು. ನೀವು ಯಾಕೆ ಕರೀಲಿಲ್ಲ?"

"ಅವರು ಬರಲೇ ಇಲ್ಲಮ್ಮ" ಎಂದು ಅಚ್ಚಿನವನು ಬರೆದ.

"ನಾನೇ ಕೂರಿಸ್ತಿದ್ದೆ. ನೀವು ಇದ್ದೀರಿ ಅಂತ ಯಂತ್ರ ಓದಿ ಹೇಳ್ತಿತ್ತು. ನೀವೇ ಮೊದಲು ಬರೀರಿ ಅಪ್ಪಾ ಅಂದೆ. ನನ್ನ ಅಂಗೈ ಮೇಲೆ ಬೆರಳಲ್ಲಿ ಬರೆದು ತೋರಿಸಿದ್ರು, ಕರೀಲಿಲ್ಲ ಅಂದ್ರೆ ಅವನಿಗೆ ನಾನು ಸಾಕಾಗಿದ್ದೀನಿ ಅಂತ."

ಅಚ್ಚಿನವನು ತಂತ್ರಾಂಶದ ದಿನಚರಿಯ ಕಡತವನ್ನು ತೆರೆದ. ಪರದೆಯಲ್ಲಿ ಮರೆಮಾಡಿದ ಸಾಲುಗಳನ್ನೂ ಅದು ಕಡತದಲ್ಲಿ ಬರೆದಿಡುತ್ತಿತ್ತು. ಏಳಕ್ಕೆ ತಂತಿಯವನು ಬಂದರು. ಎಂಟಕ್ಕೆ ಹೋದರು. ಏಳಕ್ಕೆ ಬಂದರು. ಎಂಟಕ್ಕೆ ಹೋದರು. ಹೀಗೆ ಹದಿನೇಳು ದಿನ. ಹದಿನೆಂಟನೆಯ ದಿನ ಏಳಕ್ಕೆ ಬಂದವನು ಹತ್ತೂವರೆಯ ತನಕ ಕೂತಿದ್ದ. ಅಷ್ಟೂ ಹೊತ್ತು ಅಚ್ಚಿನವನೂ ಅಲ್ಲೇ ಇದ್ದ.

ಅವನು ಅತ್ತ. ಕಣ್ಣೊರೆಸಿಕೊಂಡು ಮಗಳಿಗೆ ನಡೆದದ್ದನ್ನೆಲ್ಲ ಉದ್ದಕ್ಕೆ ಬರೆದ. ಅವಳು ಆಗಲೇ ಹೋಗಿದ್ದಳು. ಬರೆದದ್ದು ಯಾರಿಗೂ ಮುಟ್ಟಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಧರಣೇಂದ್ರನ ಮುಖ ಬಾಡಿತ್ತು. "ಎಂಥ ಅನ್ಯಾಯ" ಎಂದ. "ಆ ಗುಂಡಿ ಇಲ್ಲದ ತಂತ್ರಾಂಶವನ್ನು ಆರಿಸಿದ್ದರೆ ತಂತಿಯವನು ಕಾಣುತ್ತಿದ್ದನಲ್ಲವೇ?"

"ಹದಿನೆಂಟು ದಿನ ಅವನು ಬರಲಿಲ್ಲ ಎಂದುಕೊಂಡವನು, ಯಾಕೆ ಬರಲಿಲ್ಲ ಎಂದು ಒಂದು ದಿನವೂ ಕೇಳಲಿಲ್ಲವಲ್ಲಪ್ಪ" ಎಂದರು ಗುರುಗಳು.