ಕಿನ್ನರಿಯ ಮೆಟ್ಟಿಲು

"ಗುರುಗಳೇ, ಜೋಗಿಗಳ ಮನೆಯಿಂದ ಒಂದು ಹಳೆಯ ಕಿನ್ನರಿ ತಂದಿದ್ದೇನೆ. ಯಾವ ರಾಗಕ್ಕೂ ಅದು ಕೂಡಿ ಬರುತ್ತಿಲ್ಲ. ಅದಕ್ಕೆ ಸರಿಯಾದ ಶ್ರುತಿ ಯಾವುದು?" ಎಂದು ಶಿಷ್ಯ ಕೇಳಿದ. ಅಪರೂಪದ ವಾದ್ಯ ಕೈಗೆ ಸಿಕ್ಕ ಸಂಭ್ರಮ ಅವನ ದನಿಯಲ್ಲಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವೈಣಿಕನಿದ್ದ. ಅವನ ಕಿವಿ ಎಷ್ಟು ಸೂಕ್ಷ್ಮವೆಂದರೆ, ಬೀದಿಯಲ್ಲಿ ಬಳೆಗಾರ ಕೂಗಿದರೂ ಸ್ವರ ಇಳಿಯಿತೆಂದು ಮುಖ ಸಿಂಡರಿಸುತ್ತಿದ್ದ. ದೂರದ ಹಳ್ಳಿಯ ಜೋಗಿಯೊಬ್ಬ ಕಿನ್ನರಿ ನುಡಿಸುತ್ತಾ ಹಾಡುವ ಒಂದು ಪದದ ಸುದ್ದಿ ಅವನಿಗೆ ತಲುಪಿತು. ಆ ಸೀಮೆಯಲ್ಲಿ ಯಾರು ಸತ್ತರೂ ಆ ಪದ ಕೇಳಿಸದೆ ಹೆಣ ಎತ್ತುತ್ತಿರಲಿಲ್ಲ. ಅದನ್ನು ಕಲಿಯಲೇಬೇಕೆಂದು ವೈಣಿಕ ಎಂಟು ದಿನ ನಡೆದು ಹೋದ.

ಜೋಗಿ ಪದ ಕೇಳಿಸಿದ. ವೈಣಿಕನ ಕಣ್ಣಲ್ಲಿ ನೀರು ಬಂತು. ಆದರೂ ಅವನ ಕಿವಿ ಸುಮ್ಮನಿರಲಿಲ್ಲ. ಬಿದಿರಿನ ದಂಡಿಗೆಯ ಮೇಲೆ ಮೇಣದಲ್ಲಿ ಕೂರಿಸಿದ್ದ, ಬೆರಳೂರುವ ಮೆಟ್ಟಿಲುಗಳಲ್ಲಿ ಒಂದೂ ಇರಬೇಕಾದ ಕಡೆ ಇರಲಿಲ್ಲ. ಪಾಪ, ಈ ಜನಕ್ಕೆ ಹೇಳಿಕೊಡುವವರು ಯಾರಿದ್ದರು ಎಂದು ಮರುಗಿದ.

ಮರುದಿನ ಜೋಗಿ ಕಿನ್ನರಿಯನ್ನು ಅತಿಥಿಯ ಕೈಗೆ ಕೊಟ್ಟು ಮಗಳ ಊರಿಗೆ ಹೋದ. ಅನ್ನ ಹಾಕಿದವನಿಗೆ ಇಷ್ಟಾದರೂ ಉಪಕಾರ ಮಾಡೋಣವೆಂದು ವೈಣಿಕ ಹಳೆಯ ಮೇಣವನ್ನೆಲ್ಲ ಕೆರೆದು ತೆಗೆದ. ಹೊಸ ಮೇಣ ಕಾಯಿಸಿ, ಒಂದೊಂದು ಮೆಟ್ಟಿಲನ್ನೂ ಕೂದಲೆಳೆಯಷ್ಟೂ ತಪ್ಪದಂತೆ ಕೂರಿಸಿದ. ಕೆಲಸವೇನೋ ಚೊಕ್ಕವಾಗಿತ್ತು.

ಜೋಗಿ ಹಿಂದಿರುಗಿ ಅಂಗಳಕ್ಕೆ ಕಾಲಿಡುವ ಮೊದಲೇ ಒಬ್ಬ ಹೆಂಗಸು ಓಡಿಬಂದು, ಗಂಡ ತೀರಿಕೊಂಡನೆಂದು ಅತ್ತಳು. ಜೋಗಿ ಕಿನ್ನರಿ ಎತ್ತಿಕೊಂಡು ಹೋಗಿ ಹೆಣದ ತಲೆಯ ಬಳಿ ಕುಳಿತ. ವೈಣಿಕನೂ ಹೆಮ್ಮೆಯಿಂದ ಹಿಂದೆಯೇ ಹೋದ. ಜೋಗಿ ತಂತಿ ಮೀಟಿದ. ನಿಲ್ಲಿಸಿದ. ಮತ್ತೆ ಮೀಟಿದ. ಬಾಯಿ ತೆರೆದ, ದನಿ ಹೊರಡಲಿಲ್ಲ.

"ಇದರ ಮೆಟ್ಟಿಲು ಕಿತ್ತವರು ಯಾರು?"

"ನಾನೇ, ಅಜ್ಜಾ. ತಪ್ಪಾಗಿದ್ದವು. ಸರಿಮಾಡಿದೆ."

ಜೋಗಿ ಕಿನ್ನರಿಯನ್ನು ತೊಡೆಯ ಮೇಲಿಳಿಸಿದ. "ಅವು ನಮ್ಮ ಮುತ್ತಜ್ಜ ಕೂರಿಸಿದ್ದು, ಸ್ವಾಮಿ. ನಮಗೆ ಸ್ವರ ಗಿರ ಏನೂ ಗೊತ್ತಿಲ್ಲ. ಬೆರಳಿಟ್ಟ ಕಡೆ ಅದು ನುಡೀತಿತ್ತು, ಅದರ ಹಿಂದೆ ನಾನು ಹಾಡ್ತಿದ್ದೆ. ಈಗ ಆ ಪದಾನ ಎಲ್ಲಿ ಅಂತ ಹುಡುಕಲಿ?"

ವೈಣಿಕ ತಾನು ಕೆರೆದು ಎಸೆದ ಮೇಣವನ್ನು ಹುಡುಕಲು ಹುಚ್ಚನಂತೆ ಓಡಿದ. ಕಸದ ಜೊತೆ ಅದೂ ಗುಡಿಸಿಹೋಗಿತ್ತು. ಸಿಕ್ಕಿದ್ದರೂ ಅದರಿಂದ ಏನು ತಿಳಿಯುತ್ತಿತ್ತು? ಕೇಳಿದ ಪದವನ್ನಾದರೂ ನೆನಪಿಸಿಕೊಳ್ಳೋಣವೆಂದರೆ, ಅಂದು ಅವನು ಅದನ್ನು ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತಾ ಕೇಳಿದ್ದ. ನೆನಪಿದ್ದುದು ತಿದ್ದಿದ ಪದ ಮಾತ್ರ.

ಪದವಿಲ್ಲದೆಯೇ ಹೆಣ ಎತ್ತಿದರು. ಆ ಹೆಂಗಸು ಅಳುವುದನ್ನೂ ಮರೆತು ಜೋಗಿಯ ಬೆರಳುಗಳನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ಒಂದು ತಿಂಗಳು ಇಬ್ಬರೂ ಕುಳಿತು ಮೆಟ್ಟಿಲುಗಳನ್ನು ಅತ್ತ ಇತ್ತ ಸರಿಸಿ ನೋಡಿದರು. ಸರಿಸಿದಷ್ಟೂ ಜೋಗಿಗೆ ಅಷ್ಟಿಷ್ಟು ನೆನಪಿದ್ದುದೂ ಕಲಸಿಹೋಯಿತು.

ಗುರುಗಳು ಇಲ್ಲಿಗೆ ನಿಲ್ಲಿಸಿ ಶಿಷ್ಯನ ಮುಖ ನೋಡಿದರು.

"ನೀನು ತಂದ ಕಿನ್ನರಿಯ ಮೇಣ ಇನ್ನೂ ಹಳೆಯದೇ ಇದೆಯೇನಪ್ಪಾ?"

ಶಿಷ್ಯ ಉಗುರಿಗೆ ಅಂಟಿದ್ದ ಹೊಸ ಮೇಣ ಕಾಣದಂತೆ ಬೆರಳು ಮಡಚಿಕೊಂಡ.