ಬೆಟ್ಟದ ಮೇಲಿನ ಸ್ಮಶಾನ

“ಗುರುಗಳೇ, ನನ್ನನ್ನು ಬೇಡವೆನ್ನುವ ಜನರನ್ನು ಹೇಗೆ ನಡೆಸಲಿ?” ಎಂದು ಶಿಷ್ಯ ಕೇಳಿದ. ಅವನನ್ನು ದೂರದ ಶಾಖಾಮಠಕ್ಕೆ ಹಿರಿಯನನ್ನಾಗಿ ನೇಮಿಸಿದ್ದರು. ಅವನು ಬರುವುದು ಬೇಡವೆಂದು ಅಲ್ಲಿನ ಭಕ್ತರು ಹೇಳಿಕಳಿಸಿದ್ದರು.

ಗುರುಗಳು ಹೇಳತೊಡಗಿದರು.

ಪೋರ್ಚುಗಲ್ ದೇಶದಲ್ಲಿ ಒಂದು ಚರ್ಚಿಗೆ ಸೇರಿದ ಊರನ್ನು ಪ್ಯಾರಿಷ್ ಎನ್ನುತ್ತಾರೆ. ನಮ್ಮ ಪಂಚಾಯಿತಿಯ ಹಾಗೆ ಅದಕ್ಕೂ ಜನ ಆರಿಸಿದ ಮಂಡಳಿಯಿರುತ್ತದೆ. ದಾರಿ, ದೀಪ, ಸ್ಮಶಾನ ಎಲ್ಲ ಅದರ ಹೊಣೆ. ಬೆಟ್ಟದ ಮೇಲೊಂದು ಹಳೆಯ ಪ್ಯಾರಿಷ್ ಇತ್ತು. ಜನ ಕಡಿಮೆಯಾದರೆಂದು ಸರ್ಕಾರ ಅದನ್ನು ಕಣಿವೆಯ ದೊಡ್ಡ ಪ್ಯಾರಿಷ್‌ಗೆ ಸೇರಿಸಿತು. ಬೆಟ್ಟದವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಕಣಿವೆಯಲ್ಲಿ ರೊಟ್ಟಿ ಸುಡುತ್ತಿದ್ದ ಎರ್ಮೆಲಿಂಡಾ ಎಂಬವಳು ಎರಡೂ ಊರು ಸೇರಿದ ಮಂಡಳಿಗೆ ಅಧ್ಯಕ್ಷೆಯಾದಳು. ಎರಡು ಸ್ಮಶಾನ ಏಕೆ, ಬೆಟ್ಟದ್ದನ್ನು ಮುಚ್ಚೋಣ ಎಂದ ಟೊಮೆ ಎಂಬ ಕಣಿವೆಯ ಸದಸ್ಯ. ಎಲ್ಲರೂ ಕೈ ಎತ್ತಿದರು. ಅವಳೂ ಎತ್ತಿದಳು. ಅವಳಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅಂದಿನಿಂದ ಬೆಟ್ಟದವರು ಕಚೇರಿಯತ್ತ ತಲೆ ಹಾಕಲಿಲ್ಲ.

ಆ ಚಳಿಗಾಲದಲ್ಲಿ ಬೆಟ್ಟದ ಮುದುಕ ಅನೀಬಾಲನ ಹೆಂಡತಿ ತೀರಿಕೊಂಡಳು. ಹೂಳುವುದು ಕೆಳಗೇ ಆಗಬೇಕೆಂದು ತಿಳಿಸಲು ಎರ್ಮೆಲಿಂಡಾ ಬೆಟ್ಟ ಹತ್ತಿದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು.

ಅನೀಬಾಲ ಬಾಗಿಲಿಗೆ ಅಡ್ಡ ನಿಂತ. “ನಾನು ಅಪ್ಪಣೆ ಕೇಳುವುದಿಲ್ಲ, ಅಧ್ಯಕ್ಷರೇ. ಅವಳ ತಾಯಿ ಮಲಗಿರುವುದು ಇಲ್ಲಿ. ನಮ್ಮ ಮಗು ಮಲಗಿರುವುದೂ ಇಲ್ಲಿ.”

ಅವನ ಹೆಗಲಿನಾಚೆ ಅವಳು ಒಳಗೆ ನೋಡಿದಳು. ಶವಪೆಟ್ಟಿಗೆಯ ಸುತ್ತ ಕೂತವರೆಲ್ಲ ಮುದುಕರು. ಕೆಲವರ ಕೈಯಲ್ಲಿ ಊರುಗೋಲು. ಸ್ಮಶಾನದ ದಾರಿ ಕಡಿದಾದ ಏರು. ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು.

“ಹೊರುವವರು ಯಾರು?” ಎಂದು ಕೇಳಿದಳು. ಅನೀಬಾಲ ಒಳಗೆ ಕೂತ ಮುದುಕರತ್ತ ತಿರುಗಿ ನೋಡಿದ.

ಅವಳು ಕೆಳಗಿಳಿದು ಮಂಡಳಿಯವರನ್ನೆಲ್ಲ ಕರೆದಳು.

“ನಾವೇ ಮಾಡಿದ ತೀರ್ಮಾನವನ್ನು ನಾವೇ ಮುರಿಯುವುದೇ?” ಎಂದ ಟೊಮೆ.

“ತೀರ್ಮಾನ ಆಮೇಲೆ ನೋಡೋಣ. ಅಲ್ಲಿ ಹೆಣ ಕಾಯುತ್ತಿದೆ.”

ಅವರು ಗೊಣಗುತ್ತಲೇ ಬಂದು ಹೆಗಲು ಕೊಟ್ಟರು. ಅವಳೂ ಕೊಟ್ಟಳು. ಬೆಟ್ಟದ ಸ್ಮಶಾನದಲ್ಲಿ ಪೆಟ್ಟಿಗೆ ಇಳಿಸಿದ ಮೇಲೆ ಟೊಮೆ ದಣಿದು ಹಳೆಯ ಗೋರಿಗಲ್ಲೊಂದಕ್ಕೆ ಒರಗಿದ. ಪಾಚಿಯಡಿ ಅವನ ಮನೆತನದ ಹೆಸರಿತ್ತು.

“ಕಣಿವೆಯಲ್ಲಿ ಚರ್ಚು ಕಟ್ಟುವ ಮೊದಲು ನಿಮ್ಮವರನ್ನೂ ಇಲ್ಲಿಗೇ ತರುತ್ತಿದ್ದರು. ಆಗ ಎಲ್ಲ ಒಂದೇ ಪ್ಯಾರಿಷ್” ಎಂದ ಅನೀಬಾಲ. ಟೊಮೆ ಟೋಪಿ ತೆಗೆದು ಕಲ್ಲಿನ ಪಾಚಿ ಕೆರೆಯತೊಡಗಿದ.

ಮುಂದಿನ ಸಭೆಯಲ್ಲಿ ಹಳೆಯ ತೀರ್ಮಾನವನ್ನು ರದ್ದು ಮಾಡಬೇಕೆಂದು ಮೊದಲು ಎದ್ದವನು ಟೊಮೆಯೇ. ಬಿಸಿಲು ಬಂದ ಮೇಲೆ ಕಣಿವೆಯವರು ಹೋಗಿ ಸ್ಮಶಾನದ ದಾರಿಗೆ ಮೆಟ್ಟಿಲು ಕಟ್ಟಿದರು. ಬೆಟ್ಟದವರು ಅವರಿಗೆ ಊಟ ಹಾಕಿದರು.

ಒಂದು ಬೆಳಿಗ್ಗೆ ಅನೀಬಾಲ ಏದುಸಿರು ಬಿಡುತ್ತ ಕಚೇರಿಗೆ ಬಂದ. “ನಮ್ಮ ಬೀದಿಯ ದೀಪ ಕೆಟ್ಟು ಎಷ್ಟು ದಿನವಾಯಿತು? ನೀವು ಇಲ್ಲಿ ಕೂತು ಏನು ಮಾಡುತ್ತಿದ್ದೀರಿ, ಅಧ್ಯಕ್ಷರೇ?” ಎಂದು ಗದರಿದ. ಎರ್ಮೆಲಿಂಡಾಗೆ ಅಂದು ಹಿಡಿಸಲಾರದಷ್ಟು ಸಂತೋಷವಾಯಿತು. ಅವನಿಗೆ ಕುರ್ಚಿ ಎಳೆದು ಹಾಕಿದಳು.

ಶಿಷ್ಯ, “ಹಾಗಾದರೆ ಆ ಮಠದಲ್ಲಿ ನಾನು ಮೊದಲು ಏನೆಂದು ಅಪ್ಪಣೆ ಮಾಡಲಿ?” ಎಂದ.

“ಅವರು ನಿನ್ನ ಬಾಗಿಲಿಗೆ ಬಂದು ನಿನ್ನನ್ನೇ ಬೈಯುವ ದಿನ ಕೇಳು, ಹೇಳುತ್ತೇನೆ” ಎಂದರು ಗುರುಗಳು.